ಶಾಲಿನಡಿಯ ಲೆಕ್ಕ

ಬುರಾವೊ ಸಂತೆಯಲ್ಲಿ ಬೆಲೆಯನ್ನು ಯಾರೂ ಕೂಗುವುದಿಲ್ಲ.
ಕುರಿಗಳು ಅರಚುತ್ತವೆ, ಲಾರಿಗಳು ಅರಚುತ್ತವೆ,
ಖಾತ್ ಸೊಪ್ಪು ಮಾರುವ ಹೆಂಗಸರು ಅರಚುತ್ತಾರೆ.
ಬೆಲೆ ಮಾತ್ರ
ಅಪ್ಪನ ಹೆಗಲ ಶಾಲಿನ ಕೆಳಗೆ
ಎರಡು ಅಂಗೈಗಳ ನಡುವೆ ಸದ್ದಿಲ್ಲದೆ ಹುಟ್ಟುತ್ತದೆ.

ಒಂದು ಬೆರಳು ಹಿಡಿದರೆ ಒಂದು.
ಅದೇ ಹತ್ತು. ಅದೇ ನೂರು. ಅದೇ ಸಾವಿರ.
ಎಷ್ಟು ಸೊನ್ನೆ ಎಂಬುದು ಬೆರಳಿಗಲ್ಲ,
ಎದುರಿಗೆ ನಿಂತ ಪ್ರಾಣಿಗೆ ಗೊತ್ತು:
ಆಡಿಗೆ ಒಂದು ಲೆಕ್ಕ, ಒಂಟೆಗೆ ಒಂದು.

ಅಪ್ಪ, ಅವಾಲೆ, ದಲ್ಲಾಳಿ.
ಮೂವತ್ತು ವರ್ಷದಲ್ಲಿ ಮೂರು ಸಲ ಶಾಲು ಬದಲಾಗಿದೆ,
ಮುಖ ಬದಲಾದದ್ದು ನಾನು ಕಂಡಿಲ್ಲ.
‘ಬಟ್ಟೆಗೆ ಎರಡೂ ಕಡೆಯವರು ಒಂದೇ’ ಅನ್ನುತ್ತಾನೆ.
ಅನ್ನುವಾಗಲೂ ಮುಖ ಹಾಗೇ.

ನನ್ನದು ಚಹಾ.
ತಗಡಿನ ಕೆಟಲ್ಲು, ಏಲಕ್ಕಿ, ಒಂಟೆಹಾಲು,
ಹದಿನಾಲ್ಕು ಗ್ಲಾಸು, ಒಂದರ ಅಂಚು ಒಡೆದಿದೆ.
ಬಗ್ಗಿ ಬಗ್ಗಿ ಗ್ಲಾಸು ಕೊಡುವವಳಿಗೆ
ಮುಖಕ್ಕಿಂತ ಕಾಲುಗಳ ಪರಿಚಯ ಹೆಚ್ಚು.
ಸುಳ್ಳನ್ನು ಬಾಯಿ ಕಲಿಯುತ್ತದೆ, ಕಣ್ಣೂ ಕಲಿಯುತ್ತದೆ;
ಕಾಲಿನ ಹೆಬ್ಬೆರಳಿಗೆ ಯಾರೂ ಪಾಠ ಹೇಳಿಲ್ಲ.
‘ಹೊರಟೆ, ನಿಮ್ಮ ಒಂಟೆ ನಿಮಗೇ ಇರಲಿ’ ಎಂದವನ ಚಪ್ಪಲಿ
ಒಂಟೆಯ ಕಡೆಗೇ ಮೂಗು ಮಾಡಿ ನಿಂತಿರುತ್ತದೆ.
‘ಕೂತು ಮಾತಾಡೋಣ’ ಎಂದವನ ಹಿಮ್ಮಡಿ
ಆಗಲೇ ಲಾರಿ ಹತ್ತಿರುತ್ತದೆ.
ಎಲ್ಲ ಸಲವೂ ಹೀಗಲ್ಲ. ಒಮ್ಮೆ
ಕಾಲು ಅದುರಿಸುತ್ತಿದ್ದವನನ್ನು ಕಳ್ಳನೆಂದುಕೊಂಡೆ;
ಚಪ್ಪಲಿಯೊಳಗೆ ಮುಳ್ಳಿತ್ತು, ಪಾಪ.

ಹಜ್‌ಗೆ ಹಡಗು ತುಂಬುವ ದಿನಗಳವು.
ಎಬ್ಲಾ ಬಂದಳು, ಆರು ದಿನ ನಡೆದು,
ರೆಪ್ಪೆಯಲ್ಲೂ ಕೆಂಪು ಧೂಳು.
ಹಿಂದೆ ಒಂದು ಗಂಡೊಂಟೆ;
ಅದರ ಕಿವಿ ತುರಿಸುತ್ತಲೇ ನಿಂತಳು.
ಕೊಳ್ಳುವವನು ಬರ್ಬೆರಾದ ಗುರೇ.
ಎಡಚನೆಂದು ಊರು ಇಟ್ಟ ಹೆಸರು ಅದು,
ನಿಜದ ಹೆಸರು ಅವನ ತಾಯಿಗಷ್ಟೇ ನೆನಪು.

ವ್ಯವಹಾರದ ಕೈ ಬಲಗೈ. ಅದು ಶಾಲಿನೊಳಗೆ ಹೋಯಿತು.
ಹೆಂಗಸಿನ ಕೈ ಹಿಡಿಯುವ ಪದ್ಧತಿಯಿಲ್ಲ,
ಅಪ್ಪ ಎಬ್ಲಾಳ ಕಿವಿಯ ಬಳಿ ಬಗ್ಗಿ ಹೇಳಿದ: ಆರು.
ಅವಳು ಉಗುಳು ನುಂಗಿದಳು.
ಮತ್ತೆ ಶಾಲು. ಮತ್ತೆ ಆರು.
ಗುರೇಯ ಮುಖ, ಸುಣ್ಣ ಹೊಡೆದ ಗೋಡೆ.
ಎಬ್ಲಾಳ ಭುಜ ಒಂದು ಬೆರಳಿನಷ್ಟು ಇಳಿಯಿತು.
ಒಪ್ಪಿಗೆ ಹೊರಡುವುದು ಅಲ್ಲಿಂದಲೇ, ಬಾಯಿಗೆ ಅದು ತಡವಾಗಿ ಬರುತ್ತದೆ.

ನಾನು ಬಗ್ಗಿದ್ದೆ, ಸಕ್ಕರೆ ಕಲಕುತ್ತಾ.
ಅವನ ಎಡಗೈ, ಆ ಹೊತ್ತು ಕೆಲಸವಿಲ್ಲದ ಕೈ,
ಹುಟ್ಟಿದಂದಿನಿಂದ ಅವನದೇ ಆದ ಕೈ,
ಬೆನ್ನ ಹಿಂದಿನಿಂದ ಹೋಗಿ ಒಂಟೆಯ ಹಗ್ಗ ಹಿಡಿದಿತ್ತು.
ಹಿಡಿದದ್ದಷ್ಟೇ ಅಲ್ಲ, ಗಂಟು ಸವರುತ್ತಿತ್ತು,
ಕತ್ತಲಲ್ಲಿ ಸ್ವಂತ ಮನೆಯ ಚಿಲಕ ತಡಕುವವನ ಹಾಗೆ.

ಒಂದು ಮಾತೂ ಆಡಲಿಲ್ಲ ನಾನು.
ಅವಳಿಗೆ ಗ್ಲಾಸು ಕೊಟ್ಟೆ, ಅಂಚು ಒಡೆದದ್ದು.
ಅವಳು ಅಂಚು ನೋಡಿ ನನ್ನನ್ನು ನೋಡಿದಳು.
ನಾನು ಹಗ್ಗವನ್ನು ನೋಡಿದೆ.
ಅಷ್ಟೇ.
ಇಳಿದ ಭುಜ ಏರಿತು.
‘ಒಂಟೆಗೆ ನೀರು ಕುಡಿಸಬೇಕು’ ಅಂದಳು, ತಿರುಗಿದಳು.
ಎಂಟಕ್ಕೆ ಮುಗಿಯಿತು.

ಅಪ್ಪ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡ.
ಸಂಜೆಯವರೆಗೂ ನನ್ನ ಕಡೆ ನೋಡಲಿಲ್ಲ.
ಅವನು ನೋಡದಿರುವುದಕ್ಕೂ ಒಂದು ಲಿಪಿಯಿದೆ,
ಅದು ನನಗೆ ಓದಲು ಬರುವುದಿಲ್ಲ.

ಪಿಕಪ್ಪಿನ ಹಿಂಭಾಗದಲ್ಲಿ ಇಬ್ಬರೇ, ಚಳಿ,
ನಡುವೆ ಖಾಲಿ ಕೆಟಲ್ಲು ಕಲಕಲ ಅನ್ನುತ್ತಾ.
ಶಾಲು ಬಿಚ್ಚಿ ಇಬ್ಬರ ಮೇಲೂ ಹೊದಿಸಿದ.
ಅದರ ಕೆಳಗೆ ಅವನ ಬಲಗೈ ಬಂದು
ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿಯಿತು,
ಒತ್ತಿತು, ಬಿಟ್ಟಿತು.

ಐದು.
ಬೈಗುಳವೋ, ಕೂಲಿಯೋ,
ಐದೋ, ಐವತ್ತೋ, ಐನೂರೋ,
ಎದುರಿಗೆ ಯಾವ ಪ್ರಾಣಿಯೂ ಇರಲಿಲ್ಲ
ಸೊನ್ನೆ ಎಷ್ಟೆಂದು ಕೇಳಲು.