ಗ್ವಾಡಿ ಜಿಗಿತ: ಭಾಗ ಏಳು

ಅದರ ಖರೆ ಹೆಸರು ವಾಡಿಯೊಳಗ ಯಾರಿಗೂ ಗೊತ್ತಿರಲಿಲ್ಲ.
ಸೀಡಿ ಮ್ಯಾಲ ಲಾಡ್ಲೆಸಾಬ ಹಸರು ಮಾರ್ಕರಿಲೆ ಬರದಿದ್ದ:
ಗ್ವಾಡಿ ಜಿಗಿತ.
ಮುಗೀತು, ಅದೇ ಹೆಸರು.

ಟೇಶನ್ ಹಿಂದ ಪತ್ರಾ ಹೊದಿಸಿದ ಅಂಗಡಿ,
ಎರಡು ಟೀವಿ, ಒಂದು ಕೆಟ್ಟದ್ದು.
ಕಾಲು ತಾಸಿಗೆ ಎರಡು ರೂಪಾಯಿ.
ಮೇ ತಿಂಗಳದಾಗ ಫರ್ಸಿ ಮ್ಯಾಲ ನೀರು ಹೊಡದು ಕುಂತರ
ಕುಂಡಿ ತಣ್ಣಗ, ತಲಿ ಕಾವಲಿ.
ಗೂಡ್ಸ್ ಗಾಡಿ ಹಾದರ ಪರದೆ ಎರಡು ಸೀಳು;
ಆ ಸೀಳಿನ ನಡುವ ಜಿಗಿಯೂದು
ನಾ ಕಲತಿದ್ದೆ, ಅಣವೀರ ಕಲತಿದ್ದ, ಮತ್ತ್ಯಾರೂ ಇಲ್ಲ.

ಆಟ ಅಂದರ ಇಷ್ಟೇ:
ಒಬ್ಬ ಮನುಷ್ಯಾ. ಮುಂದ ಒಂದು ಗ್ವಾಡಿ.
ಒಂದು ಬಟನ್.
ಬ್ಯಾಗ ಒತ್ತಿದರ ಎದಿ ಬಡೀತಿತ್ತು, ತಡಾ ಮಾಡಿದರ ಹಣಿ.
ದಾಟಿದರ ಇನ್ನೊಂದು ಗ್ವಾಡಿ.
ಅಂವ ಯಾಕ ಓಡತಾನ, ಯಾರ ಮನಿಂದ, ಏನು ಕದ್ದಾನ
ಆಟ ಹೇಳಲಿಲ್ಲ. ನಾವು ಕೇಳಲಿಲ್ಲ.
ನಮ್ಮವ್ವ ರೇಶನ್ ಅಂಗಡ್ಯಾಗ ಹೆಬ್ಬಟ್ಟು ಒತ್ತತಿದ್ದಳು;
ನನ್ನ ಹೆಬ್ಬಟ್ಟಿಗೂ ಒಂದೇ ಅಕ್ಷರ ಬರತಿತ್ತು,
ಆದರ ಅದನ್ನ ನಾ ಕಣ್ಣು ಮುಚ್ಚಿ ಬರೀತಿದ್ದೆ.

ಎರಡನೇ ಭಾಗದಾಗ ಅಂವನ ಕೈಗೆ ಕತ್ತಿ ಕೊಟ್ಟರು.
ಅಣವೀರ ಅದನ್ನ ಮುಟ್ಟಲಿಲ್ಲ. "ಭಾರ ಆಗತದ ಅಂವಗ" ಅಂದ.
ಮೂರನೇದ್ದು ಬಂದಾಗ ನನಗ ಮೆಟ್ರಿಕ್ ಪರೀಕ್ಷಾ,
ಅಪ್ಪ ಅಂಗಡಿ ಮುಂದ ನಿಂತು ಕೆಮ್ಮಿದ, ನಾ ಎದ್ದೆ.
ಅದರಾಗ ಕುದುರಿ ಇತ್ತಂತ.
ಐದನೇದ್ದು ಬರೇ ಮಾತು. ಅಂವನ ಅಪ್ಪ, ಅಂವನ ಸೇಡು,
ಅಂವಗೊಂದು ಹೆಸರು ಸುದ್ದಾ ಬಂತು.
ಹೆಸರು ಬಂದ ದಿನಾ ನನಗ ಯಾಕೋ ಸಂಕಟಾತು,
ನಿತ್ಯ ಪ್ಲಾಟ್‌ಫಾರ್ಮಿನಾಗ ನೋಡೂ ಮುಖಾ
ತಟ್ಟನೆ ತನ್ನ ಮೂಲವ್ಯಾಧಿ ಕತಿ ಸುರು ಮಾಡಿದಂಗ.

ಈಗ ಏಳು.
ಮೂವತ್ನಾಕು ನೂರು ರೂಪಾಯಿ,
ಕೌಂಟರಿನಾಗ ಕುಂತು ತಿಕೀಟು ಕೊಟ್ಟು ಕೂಡಿಸಿದ್ದು.
ಇಡೀ ರಾತ್ರಿ ಇಳೀತು.
ಮುಂಜಾನಿ ನೋಡಿದರ ಅಂವ ಮೀನ ಹಿಡೀತಾನ,
ಸಂತಿ ಮಾಡತಾನ, ರೊಟ್ಟಿ ಸುಡತಾನ,
ಚಲೋನೇ ಸುಡತಾನ, ಸುಳ್ಳು ಹೇಳಬಾರದು,
ಹೊಳಿ ಮ್ಯಾಲಿನ ಆ ಬಿಸಲಂತೂ
ನಮ್ಮ ಕಾಗಿಣಿಗೆ ಒಂದು ದಿನಾನೂ ಬಿದ್ದಿಲ್ಲ.
ಆಮ್ಯಾಲ ಒಂದು ಬಯಲು ಸಿಗತದ.
ಕಲ್ಲು ಆರಿಸು ಅಂತದ ಆಟ. ಬಣ್ಣ ಆರಿಸು. ಎತ್ತರ ಎಷ್ಟು?
ಅಂವ ಗ್ವಾಡಿ ಕಟ್ಟಲಾಕ ಕುಂದರತಾನ.

ಹಳೇ ಬಟನ್ ಒತ್ತಿದೆ.
ಸೊಂಟದಿಂದ ಟೇಪ್ ತಗದು ಅಳತಿ ಹಿಡದ.

ಮಗ್ಗಲ ಅಣ್ಣನ ಮಗ ರೇವಣ, ಒಂಬತ್ತು ವರ್ಷದಂವ,
ನನ್ನ ಕೈಯಾಗಿನದು ಕಸಗೊಂಡು ಕಟ್ಟೇ ಕಟ್ಟಿದ, ಮಧ್ಯಾಹ್ನದ ತನಕಾ.
"ಒಮ್ಮೆ ಜಿಗಸು ಅಂವಗ" ಅಂದೆ.
"ಎಲ್ಲಿಗೆ ಅತ್ತಿ?"
"ಆ ಕಡಿಗೆ."
"ಬಾಗಲಾ ಅದ ಅಲ್ಲ ಅತ್ತಿ, ನಾನೇ ಇಟ್ಟೀನಿ."

ಅಣವೀರಗ ಫೋನ್ ಹಚ್ಚಿದೆ. ಸಿಮೆಂಟ್ ಫ್ಯಾಕ್ಟರ್ಯಾಗ ರಾತ್ರಿ ಪಾಳಿ,
ನಿದ್ದಿಗಣ್ಣಾಗ ಒಂದೇ ಕೇಳಿದ: "ಕತ್ತಿ ಇನ್ನೂ ಅದ ಏನು?"

ಸಂಜಿಕ ಅವ್ವನ ಪಿಂಚಣಿಗೆ ಲಾಡ್ಲೆಸಾಬನ ಅಂಗಡಿಗೆ ಹೋದೆ.
ಟೀವಿ ಇದ್ದಲ್ಲಿ ಈಗ ಮೊಬೈಲ್ ಗಾಜು, ಕವರು,
ಹೆಬ್ಬಟ್ಟು ಓದೂ ಸಣ್ಣ ಮಶೀನು.
ಅವ್ವಂದು ಹತ್ತಲಿಲ್ಲ. ಅಂವ ಒದ್ದಿ ಅರಬಿಲೆ ಆಕಿ ಬಟ್ಟು ಒರಸಿದ,
ಫ್ಯಾಕ್ಟರಿ ಬೂದಿ ಒರಸಿದಂಗ, ಮತ್ತ ಒತ್ತಿಸಿದ.
ಏಳರ ಸುದ್ದಿ ಹೇಳಿದೆ.
"ಮಂದಿ ಬ್ಯಾಸರಾದಾರು ಅಂತ ಅಂಜಿರತಾರ ಬೇಟಿ" ಅಂದ,
ತನ್ನ ಅಂಗಡಿ ಒಮ್ಮೆ ಸುತ್ತ ನೋಡಿ.

ಅಷ್ಟರಾಗ ಗೂಡ್ಸ್ ಗಾಡಿ ಹಾಯಿತು. ಗಾಜು ನಡಗಿದವು.
ಪಾಳಿ ಅವ್ವಂದೇ ಇತ್ತು. ಆದರೂ
ನನ್ನ ಹೆಬ್ಬಟ್ಟು ಗಾಳ್ಯಾಗ ಒಮ್ಮೆ ಒತ್ತಿತು.

ಲಾಡ್ಲೆಸಾಬ ಮಶೀನಿನಿಂದ ಕಣ್ಣು ಎತ್ತಲಿಲ್ಲ.
"ತಡಾ ಆತು" ಅಂದ.