ಕೆಳಗಿನಿಂದ ನಾಲ್ಕನೆಯದು

ಮಿಶ್ಕೋಲ್ಟ್ಸ್ ಊರಿನ ಉದ್ಯೋಗ ಕಚೇರಿಯಲ್ಲಿ
ನನ್ನದು ಐದನೇ ಕಿಟಕಿ.
ಹನ್ನೊಂದು ವರ್ಷದಿಂದ ಇದೇ ಗಾಜು,
ಮಾತು ಹೋಗಿಬರಲು ಅಂಗೈಯಗಲದ ತೂತು.
ಉಕ್ಕಿನ ಕಾರ್ಖಾನೆ ಮುಚ್ಚಿದಾಗ
ಅಪ್ಪಂದಿರು ಬಂದು ನಿಂತ ಸಾಲಿನಲ್ಲೇ
ಈಗ ಮಕ್ಕಳು. ಕಂಕುಳಲ್ಲಿ ರಟ್ಟಿನ ಕೊಳವೆ,
ಕೊಳವೆಯೊಳಗೆ ಸುರುಳಿ ಸುತ್ತಿದ ಪದವಿ.
ಕೇಳುವುದು ಒಂದೇ:
ಇದನ್ನು ಬರೆಯಲೋ, ಬೇಡವೋ?

ಕೆಲಸ ಯಾವುದು, ಮೊದಲು ಅದು ಹೇಳಿ ಅನ್ನುತ್ತೇನೆ.
ಪೆಟ್ಟಿಗೆ ಎತ್ತಿಡುವುದು. ಬ್ರೆಡ್ಡಿನಂಗಡಿಯಲ್ಲಿ ಚಿಲ್ಲರೆ ಎಣಿಸುವುದು.
ಆಸ್ಪತ್ರೆಯ ನೆಲ.
ಹಾಗಾದರೆ ಬೇಡ.
ಬರೆದರೆ, ಮೂರು ತಿಂಗಳಲ್ಲಿ ಹಾರಿಹೋಗುವ ಹಕ್ಕಿ ಅನ್ನುತ್ತಾರೆ;
ಬರೆಯದಿದ್ದರೆ, ಅಷ್ಟು ವರ್ಷ ಎಲ್ಲಿದ್ದೆ,
ಜೈಲಿನಲ್ಲಾ? ಅನ್ನುತ್ತಾರೆ.
ಓದು ಒಕ್ಕಾಲು, ಬುದ್ಧಿ ಮುಕ್ಕಾಲು;
ಇಂಥ ಅರ್ಜಿಗೆ ಆ ಒಂದು ಕಾಲನ್ನು
ಬಾಗಿಲಾಚೆ ಬಿಟ್ಟು ಕುಂಟುತ್ತ ಬರಬೇಕು.

ಝೊಂಬೋರ್ ಅಂತ ಒಬ್ಬ, ಕೇಳಲಿಲ್ಲ.
ಗ್ರಂಥಾಲಯ ವಿಜ್ಞಾನ ಅಂತ ದಪ್ಪಕ್ಷರದಲ್ಲಿ ಬರೆದ.
ಏಳು ಗೋದಾಮುಗಳಿಂದ ಒಂದೇ ಉತ್ತರ:
ತಮ್ಮ ಅರ್ಹತೆಗೆ ತಕ್ಕ ಕೆಲಸ ನಮ್ಮಲ್ಲಿಲ್ಲ.
ಏಳನ್ನೂ ತಂದು ತೂತಿನೊಳಗೆ ತುರುಕಿ ಕೇಳಿದ,
ಇದು ಹೊಗಳಿಕೆಯಾ, ಬೈಗುಳವಾ?

ಎಮೋಕೆ ಬಂದದ್ದು ಫೆಬ್ರವರಿಯಲ್ಲಿ.
ಬೂಟಿನ ಹಿಮ ಕರಗಿ ಕುರ್ಚಿಯ ಕೆಳಗೊಂದು ಕೆರೆ.
ಭೂವಿಜ್ಞಾನ, ಐದು ವರ್ಷ, ಮೊದಲ ದರ್ಜೆ.
ನ್ಯಾಯಾಲಯಕ್ಕೆ ನೆಲ ಒರೆಸುವವರು ಬೇಕಾಗಿತ್ತು,
ಎಂಟನೇ ತರಗತಿ ಸಾಕು, ಬೆನ್ನು ಗಟ್ಟಿಯಿರಬೇಕು.

ಅಳಿಸಿಬಿಡಿ ಅಂದದ್ದು ನಾನೇ.
ಪೆನ್ಸಿಲಿನಲ್ಲಿ ಬರೆದಿದ್ದಳು, ಪುಣ್ಯಕ್ಕೆ;
ನನ್ನ ರಬ್ಬರನ್ನೇ ದಾಟಿಸಿದೆ.
ಉಜ್ಜಿದಳು. ಕಾಗದ ಬೆಳ್ಳಗಾಗಲಿಲ್ಲ,
ತುಸು ತೆಳ್ಳಗಾಯಿತು.
ಈ ಐದು ವರ್ಷಕ್ಕೆ ಏನು ತುಂಬಲಿ?
ಮನೆಯಲ್ಲಿ ಕಾಯಿಲೆಯವರು ಯಾರಾದರೂ?
ಅಜ್ಜಿಯಿದ್ದಳು. ನಾನು ಕಾಲೇಜು ಸೇರುವ ಮೊದಲೇ ಹೋದಳು.
ಅವಳನ್ನೇ ಐದು ವರ್ಷ ಬದುಕಿಸಿಬಿಡಿ ಅಂದೆ.
ಬರೆದಳು: ಅಜ್ಜಿಯ ಶುಶ್ರೂಷೆ.
ಬರೆದು ನಕ್ಕಳು. ನಾನೂ ನಕ್ಕೆ.
ಹಿಂದೆ ನಿಂತವರು ಕೆಮ್ಮಿದರು.

ಕೆಲಸ ಸಿಕ್ಕಿತು. ತಿಂಗಳ ಪಟ್ಟಿಯಲ್ಲಿ
ನನಗೊಂದು ಅಂಕ ಏರಿತು.

ಜೂನಿನಲ್ಲಿ, ಮಾವನ ಗ್ಯಾರೇಜಿನ ತಕರಾರಿಗೆ
ನಾನೇ ಆ ಕೋರ್ಟಿಗೆ ಅಲೆಯುವಂತಾಯಿತು.
ಕೆಂಪು ಕಲ್ಲಿನ ಮೆಟ್ಟಿಲು, ನಡುವೆ ಸವೆದು ತಟ್ಟೆಯಾಗಿದೆ.
ಬಕೆಟ್ಟಿನ ಪಕ್ಕ ಮಂಡಿಯೂರಿದ್ದಳು,
ನೀಲಿ ಮೇಲಂಗಿ, ಕೈಗೆ ರಬ್ಬರಿನ ಗವಸು.
ನನ್ನನ್ನು ಗಾಜಿಲ್ಲದೆಯೂ ಗುರುತು ಹಿಡಿದಳು.
ಇಲ್ಲಿ ನೋಡಿ, ಅಂದಳು,
ಕೆಳಗಿನಿಂದ ನಾಲ್ಕನೆಯದು, ಎಡಕ್ಕೆ.
ನೀರು ಚಿಮುಕಿಸಿದಳು; ಒದ್ದೆಯಾದಾಗಷ್ಟೇ ಕಾಣುತ್ತದಂತೆ.
ಒಂದು ಸುರುಳಿ. ಟಗರಿನ ಕೊಂಬನ್ನು
ನಾಣ್ಯದಷ್ಟಕ್ಕೆ ಕುಗ್ಗಿಸಿದ ಹಾಗೆ.
ಹದಿನೆಂಟು ಕೋಟಿ ವರ್ಷ.
ಆಗ ಕಡಲು. ಇದು ಈಜುತ್ತಿತ್ತು.
ಜಡ್ಜು, ವಕೀಲ, ಕಳ್ಳ, ಯಾರೇ ಆಗಲಿ,
ಇದನ್ನು ಮೆಟ್ಟಿಯೇ ಮೇಲೆ ಹೋಗಬೇಕು.

ಯಾರಿಗಾದರೂ ಹೇಳಿದಿರಾ?
ಮೇಸ್ತ್ರಿಗೆ? ಏನಂತ?
ಅಜ್ಜಿ ಹೇಳಿಕೊಟ್ಟಳು ಅನ್ನಲೇ?

ನೀರು ಆರಿತು. ಸುರುಳಿ ಮತ್ತೆ ಬರೀ ಕೆಂಪು.
ಮೇಲಿನಿಂದ ಯಾರೋ ಅವಳ ಹೆಸರು ಕೂಗಿದರು, ತಪ್ಪಾಗಿ.

ಈಗಲೂ ಕೇಳುತ್ತಾರೆ, ಬರೆಯಲೋ, ಬೇಡವೋ.
ಈಗಲೂ ಬೇಡ ಅನ್ನುತ್ತೇನೆ,
ಒಂದನೇ ತಾರೀಕು ಬಾಡಿಗೆ ಕಟ್ಟಬೇಕಲ್ಲ ಅವರು.
ರಬ್ಬರು ಮಾತ್ರ ಕೊಡುವುದಿಲ್ಲ.
ಬರೆದದ್ದು ಹಾಗೇ ಇರಲಿ, ಮಡಚಿ ಒಳಜೇಬಿನಲ್ಲಿಡಿ,
ಬೇರೆ ಹಾಳೆ ತಗೊಳ್ಳಿ ಅನ್ನುತ್ತೇನೆ.
ಹಾಳೆಗೆ ನಮ್ಮ ಕಚೇರಿ ದುಡ್ಡು ಕೇಳುವುದಿಲ್ಲ.

ಮಾವನ ಕೇಸು ಇನ್ನೂ ಮುಗಿದಿಲ್ಲ.
ಹೋದಾಗಲೆಲ್ಲ
ಮೂರನೆಯದರಿಂದ ನೇರ ಐದನೆಯದಕ್ಕೆ ಕಾಲಿಡುತ್ತೇನೆ.
ಮೊಣಕಾಲು ನೋಯುತ್ತದೆ.