ಮೂವತ್ತನಾಲ್ಕು

ಕಾಲುವೆಯ ಮಗ್ಗುಲಿಗೆ, ರೈಲು ಸೇತುವೆಯ ಮೂರನೇ ಕಮಾನಿನಡಿ
ಕುಂಟ ಕೊಕ್ಕರೆ.
ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿರುವುದೂ ಅದೇ,
ಕನ್ನಡದಲ್ಲಿ ಕರೆಯುವವನು ಊರಿಗೆಲ್ಲ ನಾನೊಬ್ಬ.
ಗುರುವಾರ ನಾಲ್ಕಕ್ಕೆ ಬಾಗಿಲು. ಹತ್ತು ನಿಮಿಷ ಮೊದಲೇ ನಿಂತಿರುತ್ತೇನೆ,
ಜೇಬಿನಲ್ಲಿ ಕೆಂಪು ಪೆನ್ನು.

ಹರಿಹರದ ಸೆಂಟರಿನಲ್ಲಿ ದಿನಕ್ಕೆ ನಲವತ್ತು
ಗಣಿತದ ಪತ್ರಿಕೆ ತಿದ್ದಿದ ಕೈ.
ಟಾಡ್‌ಮೊರ್ಡನ್ನಿನ ಹುಡುಗರಿಗೆ ಇಪ್ಪತ್ತೆರಡು ವರ್ಷ
ಭಿನ್ನರಾಶಿ ಕಲಿಸಿ, ಶಾಲೆ ನನ್ನನ್ನು ಬಿಟ್ಟರೂ
ಚಟ ಬಿಡಲಿಲ್ಲ.
ಬಿಯರಿಗೂ ನೂರಕ್ಕೇ ಅಂಕ. ಮೂವತ್ತೈದಕ್ಕೆ ಪಾಸು.
ಗ್ರೇಸ್ ಮಾರ್ಕು ಕೇಳಬಾರದು.

ಬಿಟರ್: ಹುರಿಗಡಲೆ, ಕೊನೆಗೆ ಬೇವಿನ ಹೂವಿನಷ್ಟೇ ಕಹಿ. ಎಪ್ಪತ್ತೆಂಟು.
ಪೋರ್ಟರ್: ಪಾಕ ಕೈಮೀರಿ ತಳ ಹಿಡಿದ ಬೆಲ್ಲ,
ಆ ತಪ್ಪೇ ಅದರ ರುಚಿ. ಎಂಬತ್ತೊಂದು.
ಗೋಧಿಯದರಲ್ಲಿ ಲವಂಗವಿದೆ, ಮಾಗಿದ ಪುಟ್ಟಬಾಳೆಯಿದೆ,
ನೊರೆಗೆ ಮಾತ್ರ ತಾಳ್ಮೆಯಿಲ್ಲ.
ಐಪಿಎ ಎಂದರೆ ಕಿತ್ತಳೆ ಸಿಪ್ಪೆ ಕಣ್ಣಿಗೇ ಹಿಂಡಿದಂತೆ,
ಹುಡುಗರ ಕುಚೇಷ್ಟೆ. ಐವತ್ತು ಕೊಟ್ಟು ಮುಂದೆ ನಡೆ.

ಮ್ಯಾಂಚೆಸ್ಟರಿನ ಗಾಡಿ ತಲೆಯ ಮೇಲೆ ಹಾದರೆ
ಗ್ಲಾಸುಗಳೆಲ್ಲ ಒಂದೇ ಸಲ ನಡುಗುತ್ತವೆ,
ಫಲಿತಾಂಶದ ಬೆಳಿಗ್ಗೆಯ ಹಾಗೆ.

ಬ್ರೆಂಡಾ ಗ್ರೀನ್‌ವುಡ್, ಮೊಣಕಾಲಿನವರೆಗೆ ರಬ್ಬರ್ ಬೂಟು,
ನನ್ನ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದ್ದಳು:
ಇದೇನು ವಾಮ್, ಪುಟಪುಟಕ್ಕೂ ಬರುವ ಈ ಗುಂಗುರು ಅಕ್ಷರ?
ಒಗರು, ಎಂದೆ.
ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಮುದುಡುತ್ತದಲ್ಲ, ಅದು.
ನೆಲ್ಲಿಕಾಯಿ ಅವಳು ಕಂಡಿರಲಿಲ್ಲ.
ಮರೆತು ಕುದಿಸಿದ ಟೀ, ಎಂದೆ.
ಥಟ್ಟನೆ ತಿಳಿಯಿತು. ಯಾರ್ಕ್‌ಷೈರಿನ ಹೆಂಗಸು.

ಫೆಬ್ರವರಿಯಲ್ಲಿ ಅವಳಿಗೆ ಜ್ವರ.
ಹೋಗುವಾಗ ಜ್ವರ ಮೂಗನ್ನೂ ಜೊತೆಗೆ ಕರಕೊಂಡು ಹೋಯಿತು.
ಗ್ಲಾಸು ಒರೆಸುತ್ತ, ಬೇರೆ ಯಾರಿಗೂ ಕೇಳದಂತೆ ಹೇಳಿದಳು:
ಮಾಲ್ಟು ಈಗ ಬರೀ ಧೂಳು, ಹಾಪ್ಸು ಬರೀ ಹುಲ್ಲು.
ಥರ್ಮಾಮೀಟರ್ ನೋಡಿ ಕುದಿಸುತ್ತೇನೆ,
ಪೀಪಾಯಿಗೆ ಕಿವಿಯಿಟ್ಟು ಗುಳ್ಳೆ ಎಣಿಸುತ್ತೇನೆ.
ಉಳಿದದ್ದಕ್ಕೆ ನಿನ್ನ ಕೆಂಪು ಪೆನ್ನು.

ಅಂದಿನಿಂದ ಪೆನ್ನು ಭಾರ.
ಮೂರು ಗುಟುಕಿನ ಕಡೆ ಆರು ಗುಟುಕು ಕುಡಿದು ಬರೆದೆ.
ಕನ್ನಡದ ಅಂಕಿ ಕಲಿಸು ಎಂದಳು, ಕಲಿಸಿದೆ;
೬ ಮತ್ತು ೯ ಬಹಳ ದಿನ ಕಾಡಿದವು.

ಜೂನಿನಲ್ಲಿ ಹೊಸ ಬಿಟರು, ಸಾವಿರ ಲೀಟರು,
ಶನಿವಾರಕ್ಕೆ ಊರೆಲ್ಲ ಕಾಯುತ್ತಿತ್ತು.
ಮೊದಲ ಗುಟುಕಿಗೆ ಬೆಣ್ಣೆ.
ದಾವಣಗೆರೆಯವನು ಬೆಣ್ಣೆಯನ್ನು ದೋಷವೆನ್ನಲು
ಯಾವ ಬಾಯಿಂದ ಹೇಳಲಿ?
ಎರಡನೆಯದಕ್ಕೆ, ಬೆಣ್ಣೆಯ ಕೆಳಗೆ, ಹಳಸಿದ ಹುಳಿ.

ಹರಿಹರದಲ್ಲೊಮ್ಮೆ ಹೀಗೇ ಒಂದು ಪತ್ರಿಕೆ ಕೈಯಲ್ಲಿ ನಿಂತಿತ್ತು.
ಮಾರ್ಜಿನ್ನು, ಕಚ್ಚಾ ಕೆಲಸ, ಹೊಡೆದುಹಾಕಿದ ಸಾಲು
ಎಲ್ಲ ಜಾಲಾಡಿ ಅರ್ಧ ಹೆಜ್ಜೆಗೊಂದು ಅಂಕ ಹುಡುಕಿ ಕೊಟ್ಟಿದ್ದೆ.
ಯಾರ ಮಗನೋ.
ಗ್ಲಾಸಿಗೆ ಮಾರ್ಜಿನ್ನಿಲ್ಲ.

೩೪, ಎಂದು ಬರೆದೆ.

ಓದಿದಳು. ಒಂದು ಅಂಕ ಎಂದು ಕೇಳಲಿಲ್ಲ.
ಒಳಗೆ ಹೋಗಿ ತೊಟ್ಟಿಯ ಕೆಳಗಿನ ಕೊಳಾಯಿ ತಿರುಗಿಸಿದಳು.
ನೊರೆ ಅಂಗಳಕ್ಕೆ ನುಗ್ಗಿತು, ಚರಂಡಿ ಗುಟುಗುಟು ಕುಡಿಯಿತು,
ಬಸ್ ಸ್ಟಾಪಿನ ಮುದುಕರು ಪತ್ರಿಕೆ ತಗ್ಗಿಸಿ ಮೂಗೆತ್ತಿದರು,
ನಾಯಿಯೊಂದು ಹಗ್ಗ ಜಗ್ಗಿ ನಿಂತಿತು.
ಸೇತುವೆಯಡಿಯಲ್ಲಿ ಅದು ಮುಟ್ಟದ್ದು
ನೊರೆಯ ನಡುವೆ ಪೈಪು ಹಿಡಿದು ನಿಂತ ಅವಳೊಬ್ಬಳನ್ನೇ.

ವಾಮ್, ಹೇಗಿದೆ ವಾಸನೆ?

ಬೆಳಿಗ್ಗೆ ಐದಕ್ಕೆ, ಹೋಟೆಲಿನ ಹಿಂಬಾಗಿಲು, ಎಂದೆ.
ರಾತ್ರಿ ರುಬ್ಬಿಟ್ಟ ಹಿಟ್ಟು ಉಬ್ಬಿ ಮುಚ್ಚಳ ಎತ್ತಿರುತ್ತದೆ.
ಒಳಗೆ ಯಾರೋ ಆಗಷ್ಟೇ ಒಲೆ ಹಚ್ಚಿದ್ದಾರೆ.

ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡಳು,
ಬೂಟಿನಿಂದ ನೊರೆ ಒದ್ದಳು.
ಸೋಮವಾರ ಮತ್ತೆ ಇಡುತ್ತೇನೆ, ಎಂದಳು.
ಆ ಗ್ಲಾಸು ತೊಳೆದು ಹೋಗು.